ಗಣಿ ಅಲ್ಲಿ, ಸ್ವಿಚ್ಚು ಇಲ್ಲಿ: ಕಲ್ಲಿದ್ದಲು ಗಣಿಯ ಸುತ್ತಲಿನ ನೀರನ್ನು ಅಳೆಯೋದು ಹೇಗೆ, ಅಳೆದದ್ದನ್ನು ಓದೋದು ಹೇಗೆ?

ಕರ್ನಾಟಕದ ನೆಲದಡಿ ಒಂದೂ ಕಲ್ಲಿದ್ದಲು ಗಣಿ ಇಲ್ಲ. ಆದರೆ ಕರ್ನಾಟಕ ಸರ್ಕಾರದ ಕೈಯಲ್ಲಿ ಒಂದು ಕಲ್ಲಿದ್ದಲು ಗಣಿ ಇದೆ. ಈ ವಿಷಯವನ್ನು ನಾನು ಹೇಳಿದಾಗಲೆಲ್ಲ ಗೆಳೆಯರು ಹುಬ್ಬೇರಿಸ್ತಾರೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿ (ನಮ್ಮ ಶಿವಮೊಗ್ಗದ ಭದ್ರಾವತಿ ಅಲ್ಲ, ಹೆಸರು ಮಾತ್ರ ಅದೇ) ಬರಾಂಜ್ ಅನ್ನೋ ಕಡೆ ಇರುವ ಕಲ್ಲಿದ್ದಲು ನಿಕ್ಷೇಪಗಳನ್ನು 2003ರಲ್ಲಿ ಕರ್ನಾಟಕ ವಿದ್ಯುತ್ ನಿಗಮಕ್ಕೆ, ಅಂದರೆ ಕೆಪಿಸಿಎಲ್‌ಗೆ ಕೊಡಲಾಯಿತು. ಖಾಸಗಿ ಕಂಪನಿಯೊಂದರ ಜೊತೆ ಸೇರಿ ನಿಗಮ ಅಲ್ಲಿ ಕಲ್ಲಿದ್ದಲು ತೆಗೆಸಿತು. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 214 ಕಲ್ಲಿದ್ದಲು ಹಂಚಿಕೆಗಳನ್ನು ಒಟ್ಟಿಗೆ ರದ್ದು ಮಾಡಿತಲ್ಲ, ಅದರಲ್ಲಿ ಇದೂ ಹೋಯಿತು. 2015ರಲ್ಲಿ ಮತ್ತೆ ಕೆಪಿಸಿಎಲ್‌ಗೇ ಸಿಕ್ಕಿತು. ಕೆಲವು ವರ್ಷ ನಿಂತಿದ್ದ ಗಣಿ ಮತ್ತೆ ಶುರುವಾಯಿತು.

ಅಂದರೆ ಕೆಪಿಸಿಎಲ್ ನಮ್ಮದು, ಆ ಗಣಿ ಕೆಪಿಸಿಎಲ್‌ದು. ಗಣಿಯ ಸುತ್ತಲಿನ ಹಳ್ಳಿಗಳ ಬಾವಿ ಮಾತ್ರ ನಮ್ಮದಲ್ಲ. ಅದಕ್ಕೇ ಏನೋ, ಆ ಬಾವಿಗಳ ಬಗ್ಗೆ ಕನ್ನಡದಲ್ಲಿ ಯಾರೂ ಮಾತಾಡಲ್ಲ.

ನಾನು ರಾಯಚೂರು ಜಿಲ್ಲೆಯವನು. ಶಕ್ತಿನಗರದ 1,720 ಮೆಗಾವಾಟ್ ಸ್ಥಾವರಕ್ಕೆ ಹೋಗೋ ಕಲ್ಲಿದ್ದಲು ರೈಲಿನ ವ್ಯಾಗನ್ ಎಣಿಸ್ತಾ ಬೆಳೆದವನು. ಆ ವ್ಯಾಗನ್‌ಗಳು ಎಲ್ಲಿಂದ ಬರ್ತವೆ ಅಂತ ಕೇಳಿದ್ದು ಮಾತ್ರ ಭೂವಿಜ್ಞಾನ ಓದೋಕೆ ಸೇರಿದ ಮೇಲೆ. ಆಮೇಲೆ ಒಂದು ಚಟ ಹತ್ತಿತು: ಗಣಿಗಳು ಆರು ತಿಂಗಳಿಗೊಮ್ಮೆ ಸಲ್ಲಿಸೋ ಪರಿಸರ ವರದಿಗಳನ್ನು ಓದೋದು. ಬೇಜಾರಿನ ಓದು ಅದು, ಒಪ್ತೀನಿ. ಆದರೆ ಒಂದು ಊರಿನ ನೀರು ಏನಾಗ್ತಿದೆ ಅನ್ನೋ ಪ್ರಶ್ನೆಗೆ ಸರ್ಕಾರದ ದಾಖಲೆಯಲ್ಲಿ ಉತ್ತರ ಸಿಗೋದಾದರೆ ಆ ಕೋಷ್ಟಕಗಳಲ್ಲೇ ಸಿಗಬೇಕು. ಆ ಉತ್ತರ ಅಲ್ಲಿ ಹೇಗೆ ಇರುತ್ತೆ, ಹೇಗೆ ತಪ್ಪಿಸಿಕೊಳ್ಳುತ್ತೆ ಅಂತ ಹೇಳೋದೇ ಈ ಬರಹದ ಉದ್ದೇಶ.

ಬಾವಿ ಯಾಕೆ ಬತ್ತುತ್ತೆ?

ಪಕ್ಕದ ತೋಟದವರು ಆಳದ ಬೋರ್ ಹಾಕಿಸಿದ ಮೇಲೆ ನಮ್ಮ ಬಾವಿ ಬತ್ತಿತು ಅನ್ನೋ ಜಗಳ ಕೋಲಾರದಲ್ಲಿ, ತುಮಕೂರಲ್ಲಿ ಯಾವ ಊರಿಗೆ ಹೋದರೂ ಇದೆ. ಕಲ್ಲಿದ್ದಲು ಗಣಿಯಲ್ಲಿ ನಡೆಯೋದೂ ಅದೇ. ವ್ಯತ್ಯಾಸ ಇಷ್ಟೇ, ಇಲ್ಲಿ ಬೋರಿನ ಅಗಲ ಆರೂವರೆ ಇಂಚಲ್ಲ, ಕಿಲೋಮೀಟರ್‌ಗಟ್ಟಲೆ.

ತೆರೆದ ಗಣಿ ಅಂದರೆ ಒಂದು ದೊಡ್ಡ ಗುಂಡಿ. ಹಳ್ಳಿಯ ತೆರೆದ ಬಾವಿ ಹತ್ತು ಹದಿನೈದು ಮೀಟರ್ ಆಳ ಇದ್ದರೆ, ಗಣಿ ಅದರ ಎಷ್ಟೋ ಪಟ್ಟು ಕೆಳಗಿಳಿಯುತ್ತೆ. ಸುತ್ತಲಿನ ಅಂತರ್ಜಲವೆಲ್ಲ ಆ ಗುಂಡಿಯ ಕಡೆಗೆ ಜಿನುಗೋಕೆ ಶುರುವಾಗುತ್ತೆ. ಕಲ್ಲಿದ್ದಲು ಒಣಗಿರಬೇಕು, ಯಂತ್ರಗಳು ಓಡಾಡಬೇಕು, ಹಾಗಾಗಿ ತಳದಲ್ಲಿ ಸೇರಿದ ನೀರನ್ನು ಹಗಲೂ ರಾತ್ರಿ ಪಂಪ್ ಮಾಡಿ ಹೊರಗೆ ಹಾಕ್ತಾರೆ. ಪಂಪ್ ಓಡ್ತಾ ಇದ್ದಷ್ಟು ಕಾಲ ಗಣಿಯ ಸುತ್ತ ನೀರಿನ ಮಟ್ಟ ಆಲಿಕೆಯ ಆಕಾರದಲ್ಲಿ ಇಳಿಜಾರಾಗುತ್ತೆ: ಗಣಿಯ ಅಂಚಿನಲ್ಲಿ ತೀರಾ ಕೆಳಗೆ, ದೂರ ಹೋದಂತೆ ಮೇಲೆ. ಆ ಆಲಿಕೆಯೊಳಗೆ ಸಿಕ್ಕಿದ ಬಾವಿಗಳು ಒಂದೊಂದಾಗಿ ತಳ ಕಾಣ್ತವೆ.

ಚಂದ್ರಾಪುರದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಅದು ವಾರ್ಧಾ ಕಣಿವೆಯ ಕಲ್ಲಿದ್ದಲು ಪ್ರದೇಶ. ಕಲ್ಲಿದ್ದಲು ಇರೋದು ಬರಾಕರ್ ಅನ್ನೋ ಶಿಲಾಸ್ತರದಲ್ಲಿ. ಅದರ ಮೇಲೆ ಬಹಳ ಕಡೆ ಕಾಮಠಿ ಮರಳುಗಲ್ಲು ಹಾಸಿಕೊಂಡಿದೆ, ನಾಗಪುರದ ಹತ್ತಿರದ ಕಾಮಠಿ ಊರಿನ ಹೆಸರೇ ಅದಕ್ಕೆ. ಆ ಸೀಮೆಯಲ್ಲಿ ಒಳ್ಳೆ ನೀರು ಹಿಡಿದಿಟ್ಟುಕೊಳ್ಳೋ ಕಲ್ಲು ಅದೇ. ಅಂದರೆ ಕಲ್ಲಿದ್ದಲು ತಲುಪಬೇಕಾದರೆ ಊರಿನ ನೀರಿನ ತೊಟ್ಟಿಯನ್ನೇ ಅಗೆದು ತೆಗೀಬೇಕು. ಅಗೆದದ್ದನ್ನು ಪಕ್ಕದಲ್ಲಿ ಗುಡ್ಡ ಹಾಕ್ತಾರೆ. ಗಣಿ ಮುಚ್ಚಿದ ಮೇಲೆ ಮಣ್ಣು ತುಂಬಿ ಗಿಡ ನೆಡಬಹುದು. ಕೋಟಿಗಟ್ಟಲೆ ವರ್ಷ ಪದರ ಪದರವಾಗಿ ಕೂತ ಕಲ್ಲು ಮಾತ್ರ ಮತ್ತೆ ಹಾಗೆ ಕೂರಲ್ಲ.

ಎಲ್ಲಿ ಅಳೀತಾರೆ, ಯಾವಾಗ ಅಳೀತಾರೆ

ಗಣಿಗೆ ಕೇಂದ್ರ ಪರಿಸರ ಸಚಿವಾಲಯ ಅನುಮತಿ ಕೊಡುವಾಗ ಷರತ್ತು ಹಾಕುತ್ತೆ. ಗಣಿ ಗುತ್ತಿಗೆಯ ಒಳಗೂ, ಸುತ್ತ ಹತ್ತು ಕಿಲೋಮೀಟರ್ ಒಳಗಿನ ಹಳ್ಳಿಗಳಲ್ಲೂ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೀಬೇಕು: ಮಳೆಗೆ ಮುಂಚೆ ಮೇನಲ್ಲಿ, ಮಳೆಗಾಲದ ನಡುವೆ ಆಗಸ್ಟ್‌ನಲ್ಲಿ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ, ಆಮೇಲೆ ಜನವರಿಯಲ್ಲಿ. ಕೆಲವು ಊರಬಾವಿಗಳನ್ನು ಗೊತ್ತು ಮಾಡಿಕೊಳ್ತಾರೆ. ಜೊತೆಗೆ ಪೀಜೋಮೀಟರ್ ಹಾಕಬೇಕು. ಅದು ನೀರೆತ್ತೋಕೆ ಅಲ್ಲ, ನೀರಿನ ಮಟ್ಟ ನೋಡೋಕೆ ಅಂತಲೇ ಕೊರೆದ ಸಣ್ಣ ಕೊಳವೆಬಾವಿ. ಅಂತರ್ಜಲದ ಬಗ್ಗೆ 2020ರ ಸೆಪ್ಟೆಂಬರ್‌ನಲ್ಲಿ ಜಲಶಕ್ತಿ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಗಣಿಯಿಂದ ನೀರು ಹೊರಹಾಕೋಕೂ ನಿರಾಕ್ಷೇಪಣಾ ಪತ್ರ ಬೇಕು.

ಇದೆಲ್ಲ ಸೇರಿ ಆರು ತಿಂಗಳಿಗೊಂದು ವರದಿ, ಜೂನ್ 1ಕ್ಕೆ ಒಂದು, ಡಿಸೆಂಬರ್ 1ಕ್ಕೆ ಒಂದು. ಆ ವರದಿಯನ್ನು ವೆಬ್‌ಸೈಟಿನಲ್ಲೂ ಹಾಕಬೇಕು.

ಕಾಗದದ ಮೇಲೆ ಚೆನ್ನಾಗೇ ಇದೆ ಅಲ್ವಾ? ಈಗ ಕೋಷ್ಟಕ ಓದೋಣ.

ಒಂದು ಉದಾಹರಣೆ ತಗೊಳ್ಳಿ, ಸಂಖ್ಯೆಗಳು ನಾನೇ ಹಾಕಿಕೊಂಡವು. ಗಣಿಯ ಪಕ್ಕದ ಬಾವಿಯಲ್ಲಿ ಒಂದು ವರ್ಷದ ಮೇ ತಿಂಗಳಲ್ಲಿ ನೀರು ನೆಲದಿಂದ 6 ಮೀಟರ್ ಕೆಳಗಿತ್ತು. ಮೂರು ವರ್ಷದ ನಂತರದ ಮೇನಲ್ಲಿ 11 ಮೀಟರ್. ಐದು ಮೀಟರ್ ಇಳೀತು, ಗಣಿಯೇ ಕಾರಣ ಅಂತ ನೀವು ಅಂತೀರಿ. ಮಳೆ ಕಡಿಮೆ ಆಯ್ತು, ರೈತರು ಹತ್ತಿಗೆ ಜಾಸ್ತಿ ನೀರೆತ್ತಿದರು ಅಂತ ಗಣಿಯವರು ಅಂತಾರೆ. ಇಬ್ಬರಲ್ಲಿ ಯಾರ ಮಾತು ಸರಿ ಅಂತ ಈ ಒಂದು ಬಾವಿಯಿಂದ ಗೊತ್ತಾಗಲ್ಲ. ಅದಕ್ಕೆ ಗಣಿಯ ಪ್ರಭಾವ ತಲುಪದಷ್ಟು ದೂರದಲ್ಲಿರುವ, ಅದೇ ಕಲ್ಲಿನಲ್ಲಿ ತೋಡಿದ, ಅಷ್ಟೇ ಬೇಸಾಯ ಇರುವ ಇನ್ನೊಂದು ಬಾವಿ ಬೇಕು. ಅಲ್ಲಿ ಅದೇ ಮೂರು ವರ್ಷದಲ್ಲಿ 7 ಮೀಟರ್ ಇದ್ದದ್ದು 8 ಆಗಿದ್ದರೆ, ಮಳೆಯ ಪಾಲು ಸುಮಾರು ಒಂದು ಮೀಟರ್, ಉಳಿದ ನಾಲ್ಕಕ್ಕೆ ಗಣಿ ಉತ್ತರ ಹೇಳಬೇಕು. ಹೋಲಿಕೆಯ ಬಾವಿ ಇಲ್ಲದ ವರದಿಯಲ್ಲಿ ಎಷ್ಟು ಪುಟ ಇದ್ದರೂ ಈ ಜಗಳ ಬಗೆಹರಿಯಲ್ಲ. ಬಗೆಹರಿಯದೆ ಉಳಿದರೆ ಯಾರಿಗೆ ಲಾಭ ಅಂತ ನಾನು ಹೇಳಬೇಕಿಲ್ಲ.

ಇನ್ನೂ ಸಣ್ಣ ವಿಷಯಗಳಿವೆ. ನವೆಂಬರ್ ಅಂಕಿಯನ್ನು ಮೇ ಅಂಕಿಯ ಜೊತೆ ಇಟ್ಟು ‘ನೀರು ಏರಿದೆ’ ಅನ್ನೋದು. ಮೇ ತಿಂಗಳಲ್ಲಿ ಬಾವಿ ಪೂರ್ತಿ ಒಣಗಿದರೆ ಕೋಷ್ಟಕದಲ್ಲಿ ಗೆರೆ ಎಳೆದು ಬಿಟ್ಟು, ಉಳಿದ ಬಾವಿಗಳ ಸರಾಸರಿ ತೆಗೆಯೋದು. ಆಗ ಒಂದು ವಿಚಿತ್ರ ಆಗುತ್ತೆ: ಬತ್ತಿದ ಬಾವಿಗಳು ಲೆಕ್ಕದಿಂದ ಹೊರಗೆ ಹೋದಷ್ಟೂ ಸರಾಸರಿ ಸುಧಾರಿಸುತ್ತೆ! ಹಾಗಾಗಿ ಸರಾಸರಿ ಕಂಡ ಕೂಡಲೇ ಎಷ್ಟು ಬಾವಿಗಳ ಸರಾಸರಿ ಅಂತ ನೋಡಿ. ಕಳೆದ ವರದಿಯಲ್ಲಿದ್ದ ಬಾವಿ ಈ ವರದಿಯಲ್ಲಿ ಇದೆಯಾ ಅಂತಲೂ ನೋಡಿ.

ಎಲ್ಲಕ್ಕಿಂತ ಮುಖ್ಯ, ಗಣಿ ಶುರುವಾಗೋ ಮುಂಚೆ ಆ ಬಾವಿ ಹೇಗಿತ್ತು ಅನ್ನೋದು. ಪರಿಸರ ಪರಿಣಾಮ ವರದಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಇದ್ದರೂ ಸಾಕಾಗುತ್ತೆ. ಒಂದು ಋತು! ನಮ್ಮ ಕಡೆ ಒಂದು ವರ್ಷ ಬರ, ಮರುವರ್ಷ ನೆರೆ. ಒಂದು ಋತು ನೋಡಿ ಬಾವಿಯ ಜಾತಕ ಬರೆಯೋದು ಹೇಗೆ? ಮೇಲಾಗಿ 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಸಡಿಲಿಕೆ ಕೊಟ್ಟಿತು. ಉತ್ಪಾದನೆಯನ್ನು ಶೇ.40ರಷ್ಟು ವಿಸ್ತರಿಸಲು ಆಗಲೇ ಅನುಮತಿ ಪಡೆದಿದ್ದ ಕಲ್ಲಿದ್ದಲು ಗಣಿಗಳು, ಅದೇ ಗುತ್ತಿಗೆ ಪ್ರದೇಶದಲ್ಲಿ ಶೇ.50ಕ್ಕೆ ಹೋಗೋಕೆ ಹೊಸ ಅಧ್ಯಯನವೂ ಬೇಡ, ಸಾರ್ವಜನಿಕ ಅಹವಾಲೂ ಬೇಡ ಅಂತ. ವಿದ್ಯುತ್ ಕೊರತೆಯ ಹೆಸರಿನಲ್ಲಿ ಬಂದ ವಿಶೇಷ ರಿಯಾಯಿತಿ ಅದು. ಬಾವಿಯ ಹಳೇ ಜಾತಕವೇ ಮುಂದುವರೀತು.

ಪಿಎಚ್ ಸರಿ ಇದೆ, ಆದರೂ ಸೋಪು ನೊರೆ ಬರಲ್ಲ

ನೀರು ಎಷ್ಟಿದೆ ಅನ್ನೋದು ಒಂದು, ಹೇಗಿದೆ ಅನ್ನೋದು ಇನ್ನೊಂದು.

ಕಲ್ಲಿದ್ದಲು ಗಣಿ ಅಂದ ಕೂಡಲೇ ಆಮ್ಲೀಯ ನೀರು ಅಂತ ಪಠ್ಯಪುಸ್ತಕ ಹೇಳುತ್ತೆ. ಕಲ್ಲಿದ್ದಲಿನ ಜೊತೆಗಿರುವ ಪೈರೈಟ್‌ನಲ್ಲಿ ಕಬ್ಬಿಣ ಮತ್ತು ಗಂಧಕ ಇರುತ್ತೆ. ನೆಲದೊಳಗೆ ಗಾಳಿ ತಾಗದೆ ಇದ್ದದ್ದು ಅಗೆದ ಮೇಲೆ ಗಾಳಿಗೂ ನೀರಿಗೂ ಸಿಕ್ಕಿ ಗಂಧಕಾಮ್ಲವಾಗುತ್ತೆ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಇದು ಕಣ್ಣಿಗೇ ಕಾಣುತ್ತೆ. ಅಲ್ಲಿನ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ. ಲೂಖಾ ನದಿ ಚಳಿಗಾಲದಲ್ಲಿ ಕಡುನೀಲಿಗೆ ತಿರುಗಿದ್ದು ಸುದ್ದಿಯಾಗಿತ್ತು, ಗಣಿಗಳಿಂದ ಹರಿದ ಆಮ್ಲೀಯ ನೀರಿನ ಕಡೆಗೇ ಬೆರಳು ತೋರಿಸಲಾಯಿತು. 2014ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಲ್ಲಿನ ಇಲಿಬಿಲ ಗಣಿಗಾರಿಕೆಯನ್ನೇ ನಿಷೇಧಿಸಿತು.

ಚಂದ್ರಾಪುರದಲ್ಲಾಗಲಿ, ನಮಗೆ ಕಲ್ಲಿದ್ದಲು ಕೊಡೋ ತೆಲಂಗಾಣದ ಸಿಂಗರೇಣಿಯಲ್ಲಾಗಲಿ ಕಥೆ ಬೇರೆ. ಅದು ಗೊಂಡ್ವಾನ ಕಲ್ಲಿದ್ದಲು, ಗಂಧಕ ಸಾಮಾನ್ಯವಾಗಿ ಶೇ.1ಕ್ಕಿಂತ ಕಡಿಮೆ. ಹುಟ್ಟಿದ ಆಮ್ಲವನ್ನೂ ಸುತ್ತಲಿನ ಕಲ್ಲಿನ ಸುಣ್ಣದಂಶ ನುಂಗಿಬಿಡುತ್ತೆ. ಹಾಗಾಗಿ ವರದಿಯಲ್ಲಿ ಪಿಎಚ್ 7.5, 7.8 ಅಂತ ಇರುತ್ತೆ. ಎಲ್ಲ ಸರಿ ಇದೆ ಅಂತ ಅನ್ನಿಸುತ್ತೆ. ಆದರೆ ಆಮ್ಲವನ್ನು ನುಂಗಿದ ಲೆಕ್ಕ ನೀರಿನಲ್ಲೇ ಉಳಿದಿರುತ್ತೆ: ಸಲ್ಫೇಟ್, ಕ್ಯಾಲ್ಸಿಯಂ, ಮೆಗ್ನೀಸಿಯಂ. ಅಂದರೆ ಗಡಸು ನೀರು. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಗೊಂಡ್ವಾನ ಗಣಿಯ ವರದಿ ಸಿಕ್ಕರೆ ಪಿಎಚ್ ನೋಡಿ ಸಮಾಧಾನ ಆಗಬೇಡಿ, ನೇರ ಸಲ್ಫೇಟ್ ಮತ್ತು ಗಡಸುತನದ ಸಾಲಿಗೆ ಹೋಗಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರ್‌ಗೆ ಸಲ್ಫೇಟ್ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 400ರವರೆಗೆ. ಗಡಸುತನ 200, ಬೇರೆ ದಾರಿ ಇಲ್ಲದಿದ್ದರೆ 600. ವರದಿಗಳು ಹೋಲಿಸೋದು ಬಹುತೇಕ ಎರಡನೇ ಅಂಕಿಯ ಜೊತೆ ಮಾತ್ರ. ಬೇರೆ ನೀರು ಯಾಕೆ ಇಲ್ಲ ಅಂತ ಯಾವ ಕೋಷ್ಟಕವೂ ಕೇಳಲ್ಲ.

ಇಲ್ಲಿ ಎರಡು ಅಳತೆಗೋಲುಗಳ ಆಟ ಗೊತ್ತಿರಬೇಕು. ಗಣಿಯಿಂದ ಹೊರಬಿಡುವ ನೀರಿಗೆ 2000ರ ಸೆಪ್ಟೆಂಬರ್‌ನಲ್ಲಿ ಪ್ರತ್ಯೇಕ ಮಿತಿ ಗೊತ್ತು ಮಾಡಿದ್ದಾರೆ: ಪಿಎಚ್ 5.5ರಿಂದ 9, ತೇಲುವ ಕಣಗಳು ಲೀಟರ್‌ಗೆ 100 ಮಿಲಿಗ್ರಾಂ, ಎಣ್ಣೆ ಮತ್ತು ಜಿಡ್ಡು 10, ನೈಟ್ರೇಟ್ ನೈಟ್ರೋಜನ್ 10. ಇದು ಹಳ್ಳಕ್ಕೆ ಬಿಡೋ ನೀರಿನ ಮಿತಿ, ಕುಡಿಯೋ ನೀರಿನದಲ್ಲ. ಆ ಹಳ್ಳದ ಕೆಳಗೆ ದನ ನೀರು ಕುಡೀತವೆ, ಹಳ್ಳದ ಪಕ್ಕದ ಬಾವಿಗೆ ಅದೇ ನೀರು ಇಂಗುತ್ತೆ. ‘ಎಲ್ಲ ಮಿತಿಯೊಳಗಿದೆ’ ಅನ್ನೋ ವಾಕ್ಯ ಕಂಡರೆ, ಯಾವ ಮಿತಿ ಅಂತ ಕೇಳಿ.

ನೈಟ್ರೇಟ್‌ನಲ್ಲಂತೂ ಒಂದು ಚಿಕ್ಕ ಬಲೆ ಇದೆ, ನಾನೂ ಒಮ್ಮೆ ಬಿದ್ದಿದ್ದೆ. ಗಣಿಯಲ್ಲಿ ಬಂಡೆ ಸಿಡಿಸೋಕೆ ಬಳಸೋದು ಅಮೋನಿಯಂ ನೈಟ್ರೇಟ್. ಪೂರ್ತಿ ಉರಿಯದೆ ಉಳಿದದ್ದು ನೀರಿಗೆ ಸೇರುತ್ತೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು, ಇದಕ್ಕೆ ರಿಯಾಯಿತಿ ಇಲ್ಲ. ವರದಿಯಲ್ಲಿ ‘8’ ಅಂತ ಇತ್ತು. 45 ಎಲ್ಲಿ, 8 ಎಲ್ಲಿ ಅಂತ ಮುಂದಿನ ಪುಟಕ್ಕೆ ಹೋದೆ. ಆಮೇಲೆ ಕಂಡಿತು, ಅದು ನೈಟ್ರೇಟ್ ಅಲ್ಲ, ನೈಟ್ರೋಜನ್ ಲೆಕ್ಕದಲ್ಲಿ ಕೊಟ್ಟ ನೈಟ್ರೇಟ್. ಅದನ್ನು 4.43ರಿಂದ ಗುಣಿಸಿದರೆ 35 ದಾಟುತ್ತೆ. ಮಿತಿಯೊಳಗೇ ಇತ್ತು, ನಿಜ. ಆದರೆ 8 ಓದಿದಾಗ ಬಂದ ನಿದ್ದೆ 35 ಓದಿದಾಗ ಬರಲ್ಲ.

ಇನ್ನೊಂದು, ‘ಪತ್ತೆ ಮಿತಿಗಿಂತ ಕಡಿಮೆ’ ಅನ್ನೋ ಉತ್ತರ. ಆರ್ಸೆನಿಕ್, ಪಾದರಸ, ಸೀಸದ ಸಾಲುಗಳಲ್ಲಿ ಇದೇ ತುಂಬಿರುತ್ತೆ. ಇಲ್ಲ ಅಂತ ಅರ್ಥ ಅಲ್ಲ, ನಮ್ಮ ಯಂತ್ರಕ್ಕೆ ಕಾಣಲಿಲ್ಲ ಅಂತ ಅರ್ಥ. ಆರ್ಸೆನಿಕ್‌ನ ಕುಡಿಯುವ ನೀರಿನ ಮಿತಿ ಲೀಟರ್‌ಗೆ 0.01 ಮಿಲಿಗ್ರಾಂ. ಯಾವುದಾದರೂ ಪ್ರಯೋಗಾಲಯದ ಪತ್ತೆ ಮಿತಿಯೇ 0.05 ಆಗಿದ್ದರೆ, ಕಾಣಲಿಲ್ಲ ಅನ್ನೋ ಮಾತಿಗೆ ಬೆಲೆ ಇಲ್ಲ. ಪತ್ತೆ ಮಿತಿ ಎಷ್ಟು ಅಂತ ಬರೆಯದ ವರದಿಯನ್ನು ನಾನು ಅರ್ಧ ವರದಿ ಅಂತಲೇ ಲೆಕ್ಕ ಹಾಕ್ತೀನಿ.

ಮಳೆ ಬಂದ ಆ ಎರಡು ಗಂಟೆ

ಹೊಳೆ ಹಳ್ಳಗಳ ವಿಷಯಕ್ಕೆ ಬಂದರೆ ನಿಯಮ ಸರಳ. ಗಣಿಯ ನೀರು ಸೇರೋ ಜಾಗಕ್ಕಿಂತ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಮಾದರಿ ತೆಗೀಬೇಕು, ಎರಡೂ ಒಂದೇ ದಿನ. ಮೇಲಿನದಕ್ಕಿಂತ ಕೆಳಗಿನದು ಎಷ್ಟು ಕೆಟ್ಟಿದೆ ಅನ್ನೋದೇ ಗಣಿಯ ಪಾಲು. ಗಣಿ ಹೊರಬಿಡೋ ನೀರಿನ ಮುಖ್ಯ ಅಂಶಗಳನ್ನು ಹದಿನೈದು ದಿನಕ್ಕೊಮ್ಮೆ ಪರೀಕ್ಷಿಸ್ತಾರೆ.

ಆದರೆ ಮಣ್ಣಿನ ಗುಡ್ಡಗಳಿಂದ ಹೂಳು ಇಳಿಯೋದು ಹದಿನೈದು ದಿನಕ್ಕೊಮ್ಮೆ ಅಲ್ಲ. ಜೋರು ಮಳೆ ಹೊಡೆದ ಆ ಒಂದೆರಡು ಗಂಟೆಯಲ್ಲಿ ಇಳಿಯುತ್ತೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯಿಂದ ಭದ್ರೆಗೆ ಇಳೀತಿದ್ದ ಹೂಳಿನ ಬಗ್ಗೆ ನಮ್ಮಲ್ಲಿ ವರ್ಷಗಟ್ಟಲೆ ಹೋರಾಟ ನಡೆದು, ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಆ ಗಣಿ ನಿಂತಿದ್ದು ನೆನಪಿರಬಹುದು. ಆ ಘಟ್ಟದ ಮಳೆ ನೋಡಿದವರಿಗೆ ಗೊತ್ತು, ಬಿಸಿಲಿನ ದಿನ ತಿಳಿಯಾಗಿರೋ ಹೊಳೆ ಒಂದು ಮಳೆಗೆ ಕೆಂಪು ಗಂಜಿ ಆಗುತ್ತೆ. ಮಳೆ ನಿಂತು ಮೂರು ದಿನದ ಮೇಲೆ ಬಾಟಲಿ ತುಂಬಿಸಿದರೆ ಏನು ಸಿಗುತ್ತೆ? ವರದಿಯಲ್ಲಿ ಮಾದರಿ ತೆಗೆದ ದಿನಾಂಕ ಇರುತ್ತೆ. ಅದನ್ನು ಹವಾಮಾನ ಇಲಾಖೆಯ ಮಳೆ ದಾಖಲೆಯ ಪಕ್ಕ ಇಟ್ಟು ನೋಡಿ. ಐದು ನಿಮಿಷದ ಕೆಲಸ.

ಬಾಟಲಿಗೂ ಶಿಸ್ತಿದೆ. ಪಿಎಚ್, ಕರಗಿದ ಆಮ್ಲಜನಕ ಇವನ್ನು ಸ್ಥಳದಲ್ಲೇ ಅಳೀಬೇಕು, ಪ್ರಯೋಗಾಲಯ ಸೇರೋ ಹೊತ್ತಿಗೆ ಬದಲಾಗಿರ್ತವೆ. ಲೋಹಗಳಿಗೆ ಬೇರೆ ಬಾಟಲಿ, ಅದಕ್ಕೆ ನೈಟ್ರಿಕ್ ಆಮ್ಲದ ಹನಿ ಹಾಕಬೇಕು, ಇಲ್ಲಾಂದ್ರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಲೆಕ್ಕಕ್ಕೆ ಸಿಗಲ್ಲ.

ದುಡ್ಡು ಯಾರದ್ದು

ಇಷ್ಟೆಲ್ಲ ಅಳೆಯೋರು ಯಾರು? ಗಣಿಯವರೇ. ಅಥವಾ ಗಣಿಯವರು ದುಡ್ಡು ಕೊಟ್ಟು ಗೊತ್ತು ಮಾಡಿದ ಸಂಸ್ಥೆ. ಮಾಲಿನ್ಯ ಮಾಡಿದವರೇ ಖರ್ಚು ಭರಿಸಬೇಕು ಅನ್ನೋ ತತ್ವ ಸರಿ, ಆದರೆ ಪ್ರಯೋಗಾಲಯವನ್ನು ಅವರೇ ಆರಿಸಬೇಕು ಅಂತ ಆ ತತ್ವ ಎಲ್ಲೂ ಹೇಳಲ್ಲ. ದುಡ್ಡನ್ನು ಮಾಲಿನ್ಯ ನಿಯಂತ್ರಣ ಮಂಡಳಿ ವಸೂಲಿ ಮಾಡಿ, ಪ್ರಯೋಗಾಲಯವನ್ನು ಚೀಟಿ ಎತ್ತಿ ಆರಿಸಿದರೂ ಇವತ್ತಿಗಿಂತ ಮೇಲು ಅಂತ ನನ್ನ ಅಭಿಪ್ರಾಯ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಾಗ ಚಂದ್ರಾಪುರ 83.88 ಅಂಕ ಪಡೆದು ನಾಲ್ಕನೇ ಸ್ಥಾನದಲ್ಲಿತ್ತು. ಒಂದೊಂದು ಗಣಿಯ, ಒಂದೊಂದು ಕಾರ್ಖಾನೆಯ ವರದಿಯಲ್ಲಿ ಎಲ್ಲವೂ ಮಿತಿಯೊಳಗೆ ಇರಬಹುದು, ಒಟ್ಟು ಸೇರಿಸಿದಾಗ ಊರು ಹೀಗಾಗಿರುತ್ತೆ. ಒಂದೇ ಕಣಿವೆಯ ಹತ್ತಾರು ಗಣಿಗಳ ಆಲಿಕೆಗಳು ಒಂದರೊಳಗೊಂದು ಸೇರಿಕೊಂಡಾಗ ಯಾವ ಬಾವಿ ಯಾರ ಪಾಲು ಅನ್ನೋದೂ ಹಾಗೇ.

ತಪ್ಪಿದರೆ ಶಿಕ್ಷೆ ಏನು? 2023ರ ಜನ ವಿಶ್ವಾಸ ಕಾಯ್ದೆ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿದ್ದ ಜೈಲು ಶಿಕ್ಷೆಯ ಬದಲು ದಂಡ ತಂದಿತು. 2024ರಲ್ಲಿ ಜಲ ಕಾಯ್ದೆಗೂ ಅದೇ ದಾರಿ. ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿ. ದೊಡ್ಡ ತೆರೆದ ಗಣಿಯ ದಿನದ ವಹಿವಾಟಿನ ಮುಂದೆ ಹದಿನೈದು ಲಕ್ಷ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ನಾವು ಬೆಂಗಳೂರಲ್ಲೋ ರಾಯಚೂರಲ್ಲೋ ಕೂತು ಏನು ಮಾಡಬಹುದು ಅಂತ ಕೇಳ್ತೀರಿ. ಬರಾಂಜ್ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ. ಕೆಪಿಸಿಎಲ್ ನಮ್ಮ ರಾಜ್ಯದ ಸಾರ್ವಜನಿಕ ಸಂಸ್ಥೆ, ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ ಸಾಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದ. ಹಾಗಾಗಿ ‘ಪರಿಸರದ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಅಂತ ಬರೀಬೇಡಿ. ಗಣಿ ಸುತ್ತಲಿನ ಪ್ರತಿ ವೀಕ್ಷಣಾ ಬಾವಿಯ ಹೆಸರು, ಅಕ್ಷಾಂಶ ರೇಖಾಂಶ, ಗಣಿಯಿಂದ ದೂರ, ಶುರುವಿನಿಂದ ಇಲ್ಲಿಯವರೆಗೆ ಪ್ರತಿ ಸಲದ ನೀರಿನ ಮಟ್ಟ ಮತ್ತು ಅಳೆದ ದಿನಾಂಕ ಕೇಳಿ. ಇನ್ನೊಂದು ಅರ್ಜಿಯಲ್ಲಿ ದಿನಕ್ಕೆ ಎಷ್ಟು ನೀರು ಪಂಪ್ ಮಾಡಿ ಹೊರಹಾಕ್ತಿದ್ದೀರಿ, ಅದು ಎಲ್ಲಿಗೆ ಹೋಗ್ತಿದೆ ಅಂತ ಕೇಳಿ. ಬಂದ ಉತ್ತರವನ್ನು ಮರಾಠಿಗೆ ಮಾಡಿಸಿ ಆ ಹಳ್ಳಿಗಳಿಗೆ ಕಳಿಸೋದು ಕಷ್ಟದ ಕೆಲಸವೇನಲ್ಲ.

ಓದುವ ದಿನಗಳಲ್ಲಿ ನಾನು ಗೆಳೆಯರ ಜೊತೆ ಒಂದು ಕಲ್ಲಿದ್ದಲು ಸೀಮೆಗೆ ಹೋಗಿದ್ದೆ. ಯಾವ ಗಣಿ, ಯಾವ ಊರು ಅನ್ನೋದು ಇಲ್ಲಿ ಬೇಡ. ನಮ್ಮ ಹತ್ತಿರ ಇದ್ದದ್ದು ತುದಿಗೆ ಭಾರ ಕಟ್ಟಿದ ಟೇಪು, ನೀರಿನ ವಾಹಕತೆ ಅಳೆಯೋ ಪೆನ್ನಿನಂಥ ಒಂದು ಮೀಟರು. ಟೇಪು ಇಳಿಸೋದು, ನೀರು ತಾಗಿದ ಸದ್ದು ಕೇಳೋದು, ಬಾವಿಕಟ್ಟೆಯ ಎತ್ತರ ಕಳೆಯೋದು, ಬರೆದುಕೊಳ್ಳೋದು. ಬಾವಿಯ ಯಜಮಾನರು ಎಲೆಅಡಿಕೆ ಹಾಕ್ಕೊಂಡು ನೋಡ್ತಾ ಇದ್ದರು. ನಿಮಗಿಂತ ಮುಂಚೆಯೂ ಜನ ಬಂದು ಅಳೆದುಕೊಂಡು ಹೋಗಿದ್ದಾರೆ, ವರ್ಷಕ್ಕೆ ಮೂರ್ನಾಲ್ಕು ಸಲ ಬರ್ತಾರೆ, ಎಷ್ಟಿದೆ ಅಂತ ನಮಗೆ ಹೇಳಿದವರು ಯಾರೂ ಇಲ್ಲ ಅಂದರು. ದೂರಿನ ದನಿ ಏನೂ ಇರಲಿಲ್ಲ, ಸುಮ್ಮನೆ ಹೇಳಿದರು ಅಷ್ಟೇ.

ನಾವು ಹೊರಡುವಾಗ ಅವರ ಮೊಮ್ಮಗಳು ಸುಣ್ಣದ ಕಡ್ಡಿ ತಂದಳು. ಬಾವಿಕಟ್ಟೆಯ ಒಳಮೈ ಮೇಲೆ, ಮಳೆ ಹೊಡೆಯದ ಕಡೆ, ನಮ್ಮ ಅಳತೆ ಬರೆಸಿಕೊಂಡಳು: 9 ಮೀಟರ್ 40. ತಾರೀಖೂ ಬರೀರಿ ಅಂದಳು, ಬರೆದೆವು. ಅದರ ಕೆಳಗೆ ಮುಂದಿನ ಸಾಲಿಗೆ ಅಂತ ಅವಳೇ ಒಂದು ಗೆರೆ ಎಳೆದಳು.